ಖಾಸಗಿ ಮನೆಗಳ ಮ್ಯಾನೇಜರ್ ಕೆಲಸಕ್ಕೆ ಹೋಗುವವರೇ, ಕಾಗದ ಕೈಗೆ ಬರುವ ತನಕ ಒಳಗೆ ಕಾಲಿಡಬೇಡಿ

ಹೋಟೆಲ್‌ಗಳಲ್ಲಿ ವರ್ಷಗಟ್ಟಲೆ ದುಡಿದು, ಈಗ ದೊಡ್ಡ ಖಾಸಗಿ ಮನೆಗಳಲ್ಲಿ ಹೌಸ್ ಮ್ಯಾನೇಜರ್ ಅಥವಾ ಎಸ್ಟೇಟ್ ಮ್ಯಾನೇಜರ್ ಆಗಬೇಕು ಅಂತ ನೋಡುತ್ತಿರುವವರು ತುಂಬಾ ಜನ ಇದ್ದಾರೆ. ಇದು ಅವರಿಗೆ. ಕೆಲಸ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನಗೆ ಇವತ್ತಿಗೂ ಈ ಕಸುಬು ಇಷ್ಟ. ಮನೆ, ತೋಟ, ಗಾಡಿಗಳು, ಈಜುಕೊಳ, ಅಡುಗೆಯವರು, ಡ್ರೈವರ್‌ಗಳು, ಕಾವಲಿನವರು, ರಿಪೇರಿಯವರು, ಬಿಲ್ಲುಗಳು, ವಿಮೆ, ಇಷ್ಟೆಲ್ಲ ಸದ್ದಿಲ್ಲದೆ ನಡೆಯುವ ಹಾಗೆ ನೋಡಿಕೊಳ್ಳುವುದಕ್ಕೆ ನಿಜವಾದ ಕೌಶಲ ಬೇಕು. ಆದರೆ ಇಲ್ಲಿ ಎಚ್‌ಆರ್ ಇರುವುದಿಲ್ಲ. ಯೂನಿಯನ್ ಇರುವುದಿಲ್ಲ. ಏನಾದರೂ ಆದರೆ ನಿಮ್ಮ ಪರವಾಗಿ ಮಾತಾಡುವುದು ಬರಹದಲ್ಲಿ ಇರುವುದು ಮಾತ್ರ. ನಾನು ಹಿಂದೆ ಇದ್ದ ಮನೆಯವರು, ನಾನು ಕೇಳಿದಾಗಲೆಲ್ಲ ಆ ಬರಹವನ್ನು ಮುಂದಕ್ಕೆ ಹಾಕಿದರು, ಕೊನೆಗೂ ಕೊಡಲಿಲ್ಲ.

ತೊಂದರೆ ಶುರುವಾಗಿದ್ದು ನನ್ನನ್ನು ಆ ಮನೆಗೆ ಸೇರಿಸಿದ ಏಜೆನ್ಸಿಯಿಂದಲೇ. ನೋಂದಣಿಗೆ ಅಂತ ನನ್ನಿಂದ ದುಡ್ಡು ತೆಗೆದುಕೊಂಡರು. ಆಮೇಲೆ ಬಟ್ಲರ್ ಕೋರ್ಸ್ ಮಾಡಿದವರನ್ನು ಮಾತ್ರ ದೊಡ್ಡ ಮನೆಗಳಿಗೆ ಕಳಿಸುತ್ತೇವೆ ಅಂದರು, ಆ ಕೋರ್ಸ್ ನಡೆಸುತ್ತಿದ್ದವರೂ ಅವರೇ, ಅದರ ಫೀಯನ್ನು ನನ್ನ ಮುಂದಿನ ಸಂಬಳದಲ್ಲಿ ಮುರಿದುಕೊಳ್ಳುವ ವ್ಯವಸ್ಥೆಯನ್ನೂ ಅವರೇ ಮಾಡಿದ್ದರು. ಈ ಕ್ಷೇತ್ರದಲ್ಲಿ ನೆಟ್ಟಗಿರುವ ಏಜೆನ್ಸಿಗಳು ಫೀ ತೆಗೆದುಕೊಳ್ಳುವುದು ಕೆಲಸ ಕೊಡುವ ಮನೆಯಿಂದ, ಸಾಮಾನ್ಯವಾಗಿ ಮೊದಲ ವರ್ಷದ ಸಂಬಳದ ಇಂತಿಷ್ಟು ಪಾಲು ಅಂತ. ಕೆಲಸಗಾರರಿಂದ ಖಾಸಗಿ ಏಜೆನ್ಸಿಗಳು ಫೀ ವಸೂಲಿ ಮಾಡಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ಮೂಲ ನಿಯಮ. ಕೆಲವು ಕೆಲಸಗಳಿಗೆ ವಿನಾಯಿತಿ ಕೊಡಬಹುದು, ಎಲ್ಲ ದೇಶಗಳೂ ಅದನ್ನು ಒಪ್ಪಿಕೊಂಡಿಲ್ಲ, ಅದು ಬೇರೆ ಮಾತು. ನಿಮ್ಮ ಹತ್ತಿರ ಮೊದಲೇ ದುಡ್ಡು ಕೇಳುವ ಏಜೆನ್ಸಿಗೆ ನಿಮ್ಮನ್ನು ಒಳ್ಳೆಯ ಮನೆಗೆ ಸೇರಿಸುವ ದರ್ದು ಇರುವುದಿಲ್ಲ, ಅವರ ದುಡಿಮೆ ಆಗಲೇ ಮುಗಿದಿರುತ್ತದೆ. ನನಗೆ ಕಷ್ಟ ಬಂದಾಗ ಅವರು ಫೋನೇ ಎತ್ತಲಿಲ್ಲ.

ಸಂದರ್ಶನ ತುಂಬಾ ಚೆನ್ನಾಗಿ ನಡೆಯಿತು. "ನಮ್ಮಲ್ಲಿ ಎಲ್ಲರೂ ಮನೆಯವರ ಥರ" ಅಂದರು. ಕೆಲಸದ ವಿವರ ಬರೆದು ಕೊಡಿ ಅಂದೆ. ಬಂದು ಸೇರಿಕೊಳ್ಳಿ, ಆಮೇಲೆ ಮಾಡೋಣ ಅಂದರು. ಕರಾರು ಕೇಳಿದೆ. ವಕೀಲರ ಹತ್ತಿರ ಇದೆ ಅಂದರು. ಗುಟ್ಟು ಕಾಯುವ ಒಪ್ಪಂದ ಮಾತ್ರ, ಅದೇ ಎನ್‌ಡಿಎ, ಮೊದಲ ದಿನವೇ ಸಹಿಗೆ ಸಿದ್ಧವಾಗಿತ್ತು. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಅವರನ್ನು ಕಾಪಾಡುವ ಕಾಗದ ತಯಾರಿದ್ದು, ನಿಮ್ಮನ್ನು ಕಾಪಾಡುವ ಕಾಗದ ವಕೀಲರ ಹತ್ತಿರವೇ ಉಳಿದಿದ್ದರೆ ಆ ಮನೆಯ ಬಗ್ಗೆ ಬೇಕಾದಷ್ಟು ತಿಳಿದ ಹಾಗೆಯೇ.

ಸೇರಿದ ಮೇಲೆ ಕೆಲಸಕ್ಕೆ ಅಂಚೇ ಇರಲಿಲ್ಲ. ಎರಡು ಮನೆಗಳ ಉಸ್ತುವಾರಿ ಅಂತ ಕರೆಸಿಕೊಂಡಿದ್ದರು. ಬೆಳಿಗ್ಗೆ ಪರ್ಸನಲ್ ಅಸಿಸ್ಟೆಂಟ್, ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಓಡಾಡುವವನು, ರಾತ್ರಿ ಪಾರ್ಟಿ ಇದ್ದರೆ ತಟ್ಟೆ ಹಿಡಿದು ಬಡಿಸುವವನು. ಯಜಮಾನರು ಒಂದು ಹೇಳುತ್ತಿದ್ದರು, ಯಜಮಾನಿ ಇನ್ನೊಂದು, ಇವರಿಬ್ಬರ ಲೆಕ್ಕ ನೋಡುವ ಫ್ಯಾಮಿಲಿ ಆಫೀಸಿನವರು ಮೂರನೆಯದು. ಯಾರ ಮಾತು ಕೊನೆಯದು ಅಂತ ಯಾರೂ ಹೇಳಲಿಲ್ಲ. ಇರುವುದಕ್ಕೆ ಅಲ್ಲೇ ಒಂದು ಕೋಣೆ ಕೊಟ್ಟಿದ್ದರಿಂದ ನಡುರಾತ್ರಿ ಫೋನ್ ಬಂದರೂ ಏಳಬೇಕು, ರಜೆಯ ದಿನವೂ "ನೀವು ಇಲ್ಲೇ ಇದ್ದೀರಲ್ಲ" ಅನ್ನುವ ಮಾತು. 2011ರಲ್ಲಿ ಅಂಗೀಕಾರವಾಗಿ 2013ರಲ್ಲಿ ಜಾರಿಗೆ ಬಂದ, ಅದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಗೃಹ ಕಾರ್ಮಿಕರ 189ನೇ ಒಡಂಬಡಿಕೆಯನ್ನು ನಾನು ಓದಿದ್ದು ಆಗಲೇ. ಮನೆಯಲ್ಲಿ ಅಥವಾ ಮನೆಗಾಗಿ ಉದ್ಯೋಗದ ಸಂಬಂಧದಲ್ಲಿ ಕೆಲಸ ಮಾಡುವವರನ್ನೆಲ್ಲ ಅದು ಗೃಹ ಕಾರ್ಮಿಕರು ಅಂತ ಕರೆಯುತ್ತದೆ. ಹುದ್ದೆಯ ಹೆಸರು ಎಷ್ಟೇ ಭಾರವಾಗಿರಲಿ, ನಾವೂ ಅವರಲ್ಲೇ ಬರುತ್ತೇವೆ. ವಾರಕ್ಕೆ ಒಂದೇ ಸಮನೆ 24 ಗಂಟೆಯಾದರೂ ಬಿಡುವು ಕೊಡಬೇಕು, ಬಿಡುವಿನಲ್ಲಿ ಆ ಮನೆಯಲ್ಲೇ ಇರಬೇಕು ಅಂತ ಕಟ್ಟಿಹಾಕಬಾರದು ಅಂತ ಅದರಲ್ಲಿದೆ. ನಿಮ್ಮ ದೇಶ ಅದನ್ನು ಒಪ್ಪಿದೆಯೋ ಇಲ್ಲವೋ, ಕರಾರು ಮಾತಾಡುವಾಗ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಈಗ ನೆಲದ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಜಾಸ್ತಿ ನೋವು ಕೊಟ್ಟಿದ್ದು ಇದೇ.

ದೊಡ್ಡ ಹಜಾರಕ್ಕೆ ಪೂರ್ತಿ ಅಮೃತಶಿಲೆ ಹಾಸಿದ್ದರು. ಕಿಟಕಿಯ ಕಡೆಯಿಂದ ಬಗ್ಗಿ ನೋಡಿದರೆ ಅಲ್ಲಲ್ಲಿ ಮಂಕು ಮಚ್ಚೆಗಳು, ಹನಿ ಬಿದ್ದ ಆಕಾರದಲ್ಲಿ. ನಾನು ಸೇರಿದಾಗಲೇ ಅವು ಇದ್ದವು. ಅಮೃತಶಿಲೆಯಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ, ವಿನೆಗರ್, ಬಾತ್‌ರೂಮಿನ ಕಲೆ ತೆಗೆಯುವ ಆಸಿಡ್ ದ್ರಾವಣ, ಯಾವುದು ಬಿದ್ದರೂ ಮೇಲ್ಪದರವೇ ಕರಗುತ್ತದೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಕಲ್ಲನ್ನು ಮತ್ತೆ ತಿಕ್ಕಿ ಪಾಲಿಶ್ ಮಾಡಿಸಬೇಕು, ಅದು ಸಣ್ಣ ಖರ್ಚಲ್ಲ. ಮೊದಲ ವಾರದಲ್ಲೇ ಯಜಮಾನಿಗೆ ಹೇಳಿದೆ. ಮನೆಯಲ್ಲಿ ಏನೇನಿದೆ, ಯಾವ ಸ್ಥಿತಿಯಲ್ಲಿದೆ ಅಂತ ಫೋಟೊ ಸಮೇತ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕೋಣ ಅಂದೆ. "ನಿಮ್ಮ ಮೇಲೆ ನಮಗೆ ನಂಬಿಕೆ ಇದೆ, ಇದೆಲ್ಲ ಯಾಕೆ" ಅಂದರು. ಎನ್‌ಡಿಎಯಲ್ಲಿ ಮನೆಯೊಳಗೆ ಫೋಟೊ ತೆಗೆಯಬಾರದು ಅಂತಿತ್ತು, ಹಾಗಾಗಿ ಅವರ ಒಪ್ಪಿಗೆ ಇಲ್ಲದೆ ನಾನೇ ತೆಗೆದಿಟ್ಟುಕೊಳ್ಳುವ ದಾರಿಯೂ ಇರಲಿಲ್ಲ. ಕೆಲವು ತಿಂಗಳಾದ ಮೇಲೆ ಅತಿಥಿಯೊಬ್ಬರು ಆ ಮಚ್ಚೆಗಳನ್ನು ನೋಡಿ ಏನೋ ಅಂದರಂತೆ. ಮಾರನೆಯ ದಿನ ಫ್ಯಾಮಿಲಿ ಆಫೀಸಿನಿಂದ ಇಮೇಲ್: ನಿಮ್ಮ ಉಸ್ತುವಾರಿಯಲ್ಲಿ ನೆಲ ಹಾಳಾಗಿದೆ, ರಿಪೇರಿ ಖರ್ಚು ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ.

ನನಗಿಂತ ಹೆಚ್ಚು ಬೈಸಿಕೊಂಡಿದ್ದು ನೆಲ ಒರೆಸುತ್ತಿದ್ದ ಹೆಂಗಸು. ಆಕೆ ಬಳಸುತ್ತಿದ್ದದ್ದು ಕಲ್ಲಿಗೆಂದೇ ಮಾಡಿದ, ಆಸಿಡ್ ಇಲ್ಲದ ದ್ರಾವಣ. ನಾನೇ ತರಿಸಿ ಕೊಟ್ಟಿದ್ದೆ. ಅವಳನ್ನು ತೆಗೆದುಹಾಕು ಅಂದರು, ನಾನು ಒಪ್ಪಲಿಲ್ಲ. ಮ್ಯಾನೇಜರ್ ಆದವನ ಮೇಲೆ ಇಂಥ ಒತ್ತಡ ಬಂದೇ ಬರುತ್ತದೆ. ಮೇಲಿನವರ ಸಿಟ್ಟನ್ನು ಕೆಳಗಿನವರಿಗೆ ದಾಟಿಸಿ ತನ್ನ ಕುರ್ಚಿ ಉಳಿಸಿಕೊಳ್ಳುವುದು ಸುಲಭ. ಹಾಗೆ ಮಾಡಿದವರ ಕೈಕೆಳಗೆ ಒಳ್ಳೆಯ ಕೆಲಸಗಾರರು ನಿಲ್ಲುವುದಿಲ್ಲ.

ದುಡ್ಡಿನ ಕಥೆಯೂ ಇದೇ ದಾರಿಯದು. ಮನೆ ಖರ್ಚಿಗೆ ಪ್ರತ್ಯೇಕ ಕಾರ್ಡ್ ಕೊಡುತ್ತೇವೆ ಅಂದವರು ಕೊಡಲಿಲ್ಲ. ಅರ್ಜೆಂಟು, ಸದ್ಯಕ್ಕೆ ನೀವೇ ಹಾಕಿ, ತಿಂಗಳ ಕೊನೆಗೆ ಕೊಡುತ್ತೇವೆ ಅನ್ನುವರು. ಹೂವು, ಪ್ಲಂಬರ್, ಅತಿಥಿಗಳ ಟ್ಯಾಕ್ಸಿ, ಎಲ್ಲ ನನ್ನ ಕಾರ್ಡ್‌ನಿಂದ. ಅವರ ಮನೆಯ ಖರ್ಚಿಗೆ ಸಾಲ ಕೊಟ್ಟವನು ನಾನು, ಬಡ್ಡಿ ಕಟ್ಟಿದವನೂ ನಾನೇ. ರಸೀದಿ ಕಳಿಸಿದರೆ ಫ್ಯಾಮಿಲಿ ಆಫೀಸಿನವರು ಇದಕ್ಕೆ ಯಾರು ಒಪ್ಪಿಗೆ ಕೊಟ್ಟರು ಅಂತ ಕೇಳುತ್ತಿದ್ದರು. ಒಪ್ಪಿಗೆ ಬಂದಿದ್ದು ಬಾಯಿಮಾತಲ್ಲಿ, ಮೆಟ್ಟಿಲು ಇಳಿಯುತ್ತಾ. ಇಷ್ಟು ಮೊತ್ತದವರೆಗೆ ಮ್ಯಾನೇಜರ್ ತಾನೇ ಖರ್ಚು ಮಾಡಬಹುದು, ಅದಕ್ಕಿಂತ ಮೇಲಿದ್ದರೆ ಇಂಥವರ ಬರಹದ ಒಪ್ಪಿಗೆ ಬೇಕು ಅಂತ ಕರಾರಿನಲ್ಲಿ ಇರಲೇಬೇಕು. ಮತ್ತೆ, ಸುಮ್ನೆ ಒಂದು ದಿನದ ಮಟ್ಟಿಗೂ ನಿಮ್ಮ ಸ್ವಂತ ದುಡ್ಡು ಆ ಮನೆಗೆ ಹಾಕಬೇಡಿ. ದಯವಿಟ್ಟು.

ನೆಲದ ವಿಷಯಕ್ಕೆ ನಾನು ಬರಹದಲ್ಲಿ ಉತ್ತರ ಕೊಟ್ಟ ಸಂಜೆಯೇ ಕೆಲಸದಿಂದ ತೆಗೆದರು. ಕೆಲಸ ಹೋದರೆ ಕೋಣೆಯೂ ಹೋದ ಹಾಗೆ. ರಾತ್ರಿಯೊಳಗೆ ಖಾಲಿ ಮಾಡಿ ಅಂದರು. ಪ್ರಯಾಣದ ಟಿಕೆಟ್ ಮಾಡಿಸುವುದಕ್ಕೆ ಅಂತ ಇಸಿದುಕೊಂಡಿದ್ದ ನನ್ನ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿತ್ತು, ಲೆಕ್ಕ ಮುಗಿಯಲಿ ಕೊಡುತ್ತೇವೆ ಅಂದರು. ಗುರುತಿನ ದಾಖಲೆಗಳು ಕೆಲಸಗಾರರ ಬಳಿಯೇ ಇರಬೇಕು ಅಂತ ಅದೇ 189ನೇ ಒಡಂಬಡಿಕೆಯಲ್ಲಿ ಸ್ಪಷ್ಟವಾಗಿದೆ. ಪೊಲೀಸರಿಗೆ ದೂರು ಕೊಡುತ್ತೇನೆ ಅಂದ ಮೇಲೆ ಪಾಸ್‌ಪೋರ್ಟ್ ಕೈಗೆ ಬಂತು. ಕಾರ್ಡ್‌ನಲ್ಲಿ ಹಾಕಿದ ದುಡ್ಡಿನಲ್ಲಿ ಒಂದು ಭಾಗ, ವಕೀಲರಿಂದ ನೋಟಿಸ್ ಕೊಡಿಸಿದ ಮೇಲೆ ಬಂತು. ಮುರಿದುಕೊಂಡ ಸಂಬಳ ಬರಲಿಲ್ಲ.

ಆಮೇಲೆ ಇನ್ನೊಂದು ಪೆಟ್ಟು ಕಾದಿತ್ತು. ಈ ಕಸುಬು ನಿಂತಿರುವುದೇ ಹಿಂದಿನ ಮನೆಯವರು ಕೊಡುವ ಒಳ್ಳೆಯ ಮಾತಿನ ಮೇಲೆ. ನಾನು ಸಹಿ ಹಾಕಿದ ಎನ್‌ಡಿಎ ಪ್ರಕಾರ ಅಲ್ಲಿ ಕೆಲಸ ಮಾಡಿದ್ದೆ ಅಂತ ಹೇಳುವ ಹಾಗೂ ಇಲ್ಲ. ಬಯೋಡೇಟಾದಲ್ಲಿ ಅಷ್ಟು ಕಾಲ ಖಾಲಿ. ಹೊಸ ಏಜೆನ್ಸಿಯ ಒಬ್ಬ ಹಿರಿಯರು ಇದನ್ನು ನೋಡಿ, ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ, ವಿಚಾರಿಸಲು ಒಬ್ಬರ ಸಂಪರ್ಕ, ಇಷ್ಟನ್ನು ಹೇಳಿಕೊಳ್ಳುವ ಹಕ್ಕು ನಿಮಗೆ ಇದೆ ಅಂತ ಒಂದು ಸಾಲು ಸೇರಿಸದೆ ಯಾವ ಎನ್‌ಡಿಎಗೂ ಸಹಿ ಹಾಕಬೇಡಿ ಅಂದರು. ಈಗಿರುವ ಮನೆಯವರು ಆ ಸಾಲಿಗೆ ತಕರಾರೇ ಮಾಡಲಿಲ್ಲ. ಕೆಲಸ ಬಿಟ್ಟರೆ ಕೋಣೆ ಖಾಲಿ ಮಾಡಲು ಎಷ್ಟು ದಿನ ಕೊಡುತ್ತಾರೆ ಅನ್ನುವುದನ್ನೂ ಅವರೇ ಬರೆಸಿದರು. ಮೊದಲ ವಾರ ಮನೆಯ ಪ್ರತಿ ಕೋಣೆಯನ್ನೂ ನನ್ನ ಜೊತೆ ಸುತ್ತಿ, ಗೀರು, ಒಡಕು, ಕೆಟ್ಟ ನಲ್ಲಿ, ಎಲ್ಲವನ್ನೂ ಪಟ್ಟಿ ಮಾಡಿಸಿ ಸಹಿ ಹಾಕಿದರು. ಒಳ್ಳೆಯ ಮನೆಗಳಿಗೆ ಇದು ಕಿರಿಕಿರಿ ಅನ್ನಿಸುವುದಿಲ್ಲ, ಅವರಿಗೂ ಆ ಪಟ್ಟಿ ವಿಮೆಗೆ ಬೇಕಾಗಿರುತ್ತದೆ.

ನಿಮಗಿಂತ ಮುಂಚೆ ಆ ಹುದ್ದೆಯಲ್ಲಿ ಯಾರಿದ್ದರು, ಎಷ್ಟು ಕಾಲ ಇದ್ದರು, ಯಾಕೆ ಬಿಟ್ಟರು ಅಂತ ಸಂದರ್ಶನದಲ್ಲೇ ಕೇಳಿ. ಸಾಧ್ಯವಾದರೆ ಅವರ ಹತ್ತಿರವೇ ಮಾತಾಡಿ. ನಾನಿದ್ದ ಮನೆಯ ಹುದ್ದೆ ಈಗ ಮತ್ತೆ ಖಾಲಿ ಇದೆ, ಅದೇ ಏಜೆನ್ಸಿ ಜನ ಹುಡುಕುತ್ತಿದೆ. ಮನೆಯ ಹೆಸರು ಹೇಳುವುದಿಲ್ಲ, ಕೆಲಸದ ವಿವರ ಕೊಡುವುದಿಲ್ಲ, ಕೂಡಲೇ ಬಂದು ಸೇರಬೇಕು ಅನ್ನುತ್ತಾರೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುತ್ತಾರೆ.