ಬೆಂಗಳೂರಿನಲ್ಲಿ ಚಳಿಗಾಲದ ವಾರಾಂತ್ಯ: ಸ್ಲೀಪರ್ ಬಸ್ಸೋ, ರಾತ್ರಿ ರೈಲೋ?

ದಾವಣಗೆರೆಯಿಂದ ಎರಡು ದಿನದ ಮಟ್ಟಿಗೆ ಬೆಂಗಳೂರು ನೋಡಲು ಹೊರಟವರು ಯಾವುದರಲ್ಲಿ ಹೋಗಬೇಕು ಎಂದು ಕೇಳಿದರೆ ನನ್ನ ಉತ್ತರ ರಾತ್ರಿ ರೈಲು, ಅದರಲ್ಲೂ ಸಾಧಾರಣ ಸ್ಲೀಪರ್ ಬೋಗಿ. ಎರಡನೆಯ ಅಥವಾ ನಾಲ್ಕನೆಯ ಶನಿವಾರದ ರಜೆ ಹಿಡಿದು, ಶುಕ್ರವಾರ ಕಚೇರಿ ಮುಗಿಸಿ ಹೊರಟು, ಸೋಮವಾರ ಬೆಳಗ್ಗೆ ಮತ್ತೆ ಹಾಜರಾಗಬೇಕಾದ ಸರ್ಕಾರಿ ನೌಕರನೊಬ್ಬನ ಮಾತಿದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಜೊತೆಯಲ್ಲಿ ಹೆಂಡತಿ, ಐದನೆಯ ತರಗತಿಯ ಮಗಳು ಮತ್ತು ಸಕ್ಕರೆ ಕಾಯಿಲೆ ಇರುವ ಅಮ್ಮ ಇರುತ್ತಾರೆ. ಖಾಸಗಿ ಸ್ಲೀಪರ್ ಬಸ್ಸು, ಕೆಎಸ್‌ಆರ್‌ಟಿಸಿ ವೇಗದೂತ, ವಂದೇ ಭಾರತ್, ಭಾವನವರ ಕಾರು ಎಲ್ಲವನ್ನೂ ಡಿಸೆಂಬರ್–ಜನವರಿಯ ಚಳಿಯಲ್ಲಿಯೇ ಬಳಸಿ ನೋಡಿದ್ದೇವೆ. ಎಷ್ಟು ಬೇಗ ತಲುಪಿಸುತ್ತದೆ ಎನ್ನುವುದನ್ನು ಬಿಟ್ಟು ಎಷ್ಟು ಹೊತ್ತಿಗೆ ಇಳಿಸುತ್ತದೆ ಎನ್ನುವುದನ್ನು ನೋಡಿ ಟಿಕೆಟ್ ತೆಗೆಯಬೇಕು ಎಂಬುದು ಅದರಿಂದ ನನಗೆ ಖಚಿತವಾದ ಸಂಗತಿ.

ಸ್ಲೀಪರ್ ಬಸ್ಸಿನ ಅನುಕೂಲಗಳನ್ನು ಅಲ್ಲಗಳೆಯುವುದಿಲ್ಲ. ಶುಕ್ರವಾರ ಮಧ್ಯಾಹ್ನ ಮನಸ್ಸಾದರೂ ಆ ರಾತ್ರಿಗೇ ಸೀಟು ಸಿಗುತ್ತದೆ. ಮನೆಯಲ್ಲಿ ಊಟ ಮುಗಿಸಿ ಹತ್ತೂವರೆ–ಹನ್ನೊಂದಕ್ಕೆ ಹತ್ತಿದರೆ ಹೊದೆಯಲು ರಗ್ಗು ಕೊಡುತ್ತಾರೆ, ಪರದೆ ಎಳೆದುಕೊಂಡರೆ ಯಾರ ಕಾಟವೂ ಇಲ್ಲ. ತೊಂದರೆ ಇರುವುದು ಬಸ್ಸಿಗಿಂತ ಹೆಚ್ಚಾಗಿ ರಸ್ತೆಯಲ್ಲಿ: ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಮಾರ್ಗವಾಗಿ ಸಾಗುವ 48ನೇ ರಾಷ್ಟ್ರೀಯ ಹೆದ್ದಾರಿ ಈಗ ಎಷ್ಟು ಚೆನ್ನಾಗಿದೆಯೆಂದರೆ, ಸುಮಾರು 260 ಕಿ.ಮೀ. ದೂರವನ್ನು ಬಸ್ಸು ನಾಲ್ಕೂವರೆ–ಐದು ತಾಸಿನಲ್ಲಿ ಮುಗಿಸಿ, ಬೆಳಗಿನ ಜಾವ ನಾಲ್ಕಕ್ಕೆಲ್ಲ ನಮ್ಮನ್ನು ಬೆಂಗಳೂರಿನ ಬಾಗಿಲಿನಲ್ಲಿ ನಿಲ್ಲಿಸಿಬಿಡುತ್ತದೆ.

ನೆಲಮಂಗಲ ದಾಟುತ್ತಿದ್ದಂತೆ ಕ್ಲೀನರ್ ಹುಡುಗ ಬರ್ತಿನ ತಗಡಿಗೆ ಬೆರಳ ಗೆಣ್ಣಿನಿಂದ ಟಕಟಕ ಬಡಿಯುತ್ತಾ, “ಎಂಟನೇ ಮೈಲಿ, ಗೊರಗುಂಟೆಪಾಳ್ಯ ಇಳಿಯೋರು ಮುಂದೆ ಬನ್ರೀ” ಎಂದು ಕೂಗುತ್ತಾ ಬಂದ. ಮೆಜೆಸ್ಟಿಕ್ಕಿಗೆ ಹೋಗುವುದೆಂದು ಹೇಳಿ ಟಿಕೆಟ್ ಕೊಟ್ಟಿದ್ದ ಬಸ್ಸು ಅಲ್ಲಿಂದ ಬೇರೆ ದಾರಿ ಹಿಡಿಯುವುದೆಂದು ಆಗಲೇ ತಿಳಿದದ್ದು. ಮೇಲಿನ ಬರ್ತಿನಿಂದ ಮಗಳನ್ನು ಇಳಿಸಿಕೊಂಡು, ಹಾಸಿಗೆಯ ಕೆಳಗೆ ಸರಿದುಹೋಗಿದ್ದ ಅಮ್ಮನ ಚಪ್ಪಲಿಯ ಒಂದು ಜೊತೆಯನ್ನು ಮೊಬೈಲ್ ಬೆಳಕಿನಲ್ಲಿ ಹುಡುಕಿ ತೆಗೆದು, ಸಾಮಾನು ಸಮೇತ ಮೇಲ್ಸೇತುವೆಯ ಕೆಳಗೆ ನಿಂತಾಗ ಗಂಟೆ ನಾಲ್ಕೂ ಆಗಿರಲಿಲ್ಲ. ಹತ್ತಿರದಲ್ಲೇ ಮೆಟ್ರೊ ನಿಲ್ದಾಣವಿದೆ. ಹಸಿರು ಮಾರ್ಗದಲ್ಲಿ ಕುಳಿತರೆ ಮೆಜೆಸ್ಟಿಕ್ಕಿಗೂ ಲಾಲ್‌ಬಾಗಿಗೂ ನೇರವಾಗಿ ಹೋಗಬಹುದು. ಆದರೆ ಶನಿವಾರ ಮೊದಲ ರೈಲು ಹೊರಡುವುದೇ ಐದಕ್ಕೆ, ಅಲ್ಲಿಯವರೆಗೆ ಶಟರ್ ಮುಚ್ಚಿರುತ್ತದೆ. ಭಾನುವಾರವಾದರೆ ಏಳರವರೆಗೂ ಕಾಯಬೇಕು. ಆಟೋದವರು ಮೀಟರ್ ಎಂಬ ಮಾತನ್ನೇ ಎತ್ತದೆ ಒಂದೇ ಉಸಿರಿಗೆ ದರ ಹೇಳುವ ಹೊತ್ತು ಅದು.

ಇಷ್ಟಾದರೂ ಸಹಿಸಬಹುದಿತ್ತು, ನಿಜವಾದ ಪೇಚು ಇರುವುದು ಲಾಡ್ಜಿನ ಲೆಕ್ಕದಲ್ಲಿ. ಮೆಜೆಸ್ಟಿಕ್ ಸುತ್ತಮುತ್ತ ಎರಡು ಬಗೆಯ ಪದ್ಧತಿಗಳಿವೆ. ಒಂದು, ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡಕ್ಕೆ ದಿನ ಎಣಿಸುವುದು. ಅಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಹೋದರೆ, ಕೋಣೆ ಖಾಲಿಯಿದ್ದರೂ ಅರ್ಧ ದಿನದ ಬಾಡಿಗೆಯನ್ನು ಬೇರೆಯಾಗಿ ಕೇಳುತ್ತಾರೆ. ಇನ್ನೊಂದು, ಇಪ್ಪತ್ತನಾಲ್ಕು ಗಂಟೆಯ ಪದ್ಧತಿ. ಕೇಳಲು ಇದು ಉದಾರವಾಗಿ ಕಾಣುತ್ತದೆ, ನಮಗೂ ಹಾಗೆಯೇ ಕಂಡಿತು. ಆದರೆ ಶನಿವಾರ ನಸುಕಿನ ನಾಲ್ಕೂವರೆಗೆ ರಿಜಿಸ್ಟರಿನಲ್ಲಿ ಹೆಸರು ಬರೆದವರ ದಿನ ಮುಗಿಯುವುದು ಭಾನುವಾರ ನಸುಕಿನ ನಾಲ್ಕೂವರೆಗೆ. ಆ ಹೊತ್ತಿನಲ್ಲಿ ಮಗುವನ್ನೂ ಮುದುಕಿಯನ್ನೂ ಎಬ್ಬಿಸಿಕೊಂಡು ಕೋಣೆ ಬಿಡುವವರು ಯಾರು? ಎದ್ದು ಸ್ನಾನ, ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟದ್ದಕ್ಕೆ ಎರಡನೆಯ ದಿನದ ಬಾಡಿಗೆ ಪೂರ್ತಿಯಾಗಿ ಬಿಲ್ಲಿಗೆ ಬಿತ್ತು. ವಾದ ಮಾಡಿ ಪ್ರಯೋಜನವಿರಲಿಲ್ಲ, ಅವರ ನಿಯಮ ಗೋಡೆಯ ಮೇಲೆಯೇ ಬರೆದಿತ್ತು. ಎರಡು ತಾಸು ಬೇಗ ತಲುಪಿದ್ದಕ್ಕೆ ಒಂದು ದಿನದ ಕೋಣೆಯ ಬಾಡಿಗೆ ತೆತ್ತಂತಾಯಿತು. ಆ ಹಣದಲ್ಲಿ ನಾಲ್ವರೂ ರೈಲಿನಲ್ಲಿ ಹೋಗಿ ಬರಬಹುದಿತ್ತು.

ಕೋಣೆ ಬೇಡವೆಂದು ಹೊರಗೇ ಕಾಲ ಕಳೆಯೋಣವೆಂದರೆ, ಲಾಲ್‌ಬಾಗಿನ ಬಾಗಿಲು ತೆಗೆಯುವುದು ಆರಕ್ಕೆ, ಚಳಿಗಾಲದಲ್ಲಿ ಸೂರ್ಯ ಕಾಣಿಸಿಕೊಳ್ಳುವುದು ಆರೂವರೆ ದಾಟಿದ ಮೇಲೆ. ಸಾಮಾನು ಇಡಲು ರೈಲು ನಿಲ್ದಾಣದ ಕ್ಲೋಕ್ ರೂಮಿಗೆ ಹೋದರೆ ರೈಲು ಟಿಕೆಟ್ ಕೇಳುತ್ತಾರೆ, ಬಸ್ಸಿನ ಟಿಕೆಟ್ ಅಲ್ಲಿ ನಡೆಯುವುದಿಲ್ಲ.

ರೈಲಿನ ವಿಷಯದಲ್ಲಿ ಇದೇ ಲೆಕ್ಕ ತಿರುವುಮುರುವಾಗುತ್ತದೆ. ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಎಂದು ಬಳಸಿಕೊಂಡು ಹೋಗುವುದರಿಂದ ದೂರ 300 ಕಿ.ಮೀ. ಮೀರುತ್ತದೆ, ಸಮಯವೂ ಹೆಚ್ಚು ಹಿಡಿಯುತ್ತದೆ. ನನಗೆ ಬೇಕಾದದ್ದೂ ಅದೇ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗ್ಗೆ ಆರೂವರೆಯ ಆಸುಪಾಸಿಗೆ ಊರಿನ ನಡುಮಧ್ಯೆ ಇಳಿಯುತ್ತೇವೆ. ವೇಟಿಂಗ್ ಹಾಲಿನಲ್ಲಿ ಮುಖ ತೊಳೆದು, ಬೀಗ ಹಾಕಿದ ಬ್ಯಾಗುಗಳನ್ನು ಕ್ಲೋಕ್ ರೂಮಿಗೆ ಕೊಟ್ಟು (ಬೀಗವಿಲ್ಲದ ಬ್ಯಾಗನ್ನು ತೆಗೆದುಕೊಳ್ಳುವುದಿಲ್ಲ), ಮೆಟ್ರೊ ಹತ್ತಿದರೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಅದರ ಮುಂದಿನದೇ ಲಾಲ್‌ಬಾಗ್. ಕೋಣೆಯನ್ನು ಮಧ್ಯಾಹ್ನ ಹನ್ನೆರಡರ ಮೇಲೆ ಹಿಡಿದರೆ ಒಂದೇ ದಿನದ ಬಾಡಿಗೆಯಲ್ಲಿ ಭಾನುವಾರ ಮಧ್ಯಾಹ್ನದವರೆಗೆ ನಿಶ್ಚಿಂತೆ. ಬೋಗಿಯಲ್ಲಿ ಶೌಚಾಲಯವಿರುವುದು ಅಮ್ಮನ ಪಾಲಿಗೆ ಉಳಿದೆಲ್ಲ ಅನುಕೂಲಗಳಿಗಿಂತ ದೊಡ್ಡದು.

ರೈಲಿಗೂ ತೊಡಕುಗಳಿವೆ. ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿಸಿದ್ದಾರೆ. ಕ್ರಿಸ್‌ಮಸ್ ಹತ್ತಿರದ ವಾರಾಂತ್ಯ ಬೇಕೆಂದರೆ ಅಕ್ಟೋಬರ್ ಕೊನೆಗೇ ಕುಳಿತು ಟಿಕೆಟ್ ತೆಗೆಯಬೇಕು. ರೈಲು ದಾವಣಗೆರೆಗೆ ಬರುವುದು ಮಧ್ಯರಾತ್ರಿ ಕಳೆದ ಮೇಲಾದರೆ, ಶುಕ್ರವಾರ ರಾತ್ರಿ ಮನೆ ಬಿಟ್ಟರೂ ಟಿಕೆಟಿನ ಮೇಲೆ ಶನಿವಾರದ ದಿನಾಂಕವಿರಬೇಕು ಎಂಬುದನ್ನು ಹೊಸಬರಿಗೆ ಒತ್ತಿ ಹೇಳಬೇಕು. ಅಷ್ಟು ಹೊತ್ತಿನವರೆಗೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂರುವುದೂ ಸುಖವಲ್ಲ. ನಾವು ಮನೆಯಲ್ಲೇ ಒಂದು ನಿದ್ದೆ ತೆಗೆದು, ರೈಲು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಿಕೊಂಡು ಹೊರಡುತ್ತೇವೆ. ಹಿಂದಿರುಗುವಾಗ ರಾತ್ರಿ ಹನ್ನೊಂದರ ರೈಲು ನಸುಕಿನಲ್ಲಿಯೇ ದಾವಣಗೆರೆಗೆ ಬಂದುಬಿಡುತ್ತದೆ. ಇಲ್ಲಿ ಬೇಗ ಇಳಿದರೆ ನಷ್ಟವಿಲ್ಲ, ಸ್ವಂತ ಮನೆಗೆ ಚೆಕ್‌ಇನ್ ಸಮಯವೆಂಬುದಿಲ್ಲ. ಆದರೆ ರೈಲಿನಲ್ಲಿ ಬಂದು ಎಬ್ಬಿಸುವ ಕ್ಲೀನರ್ ಹುಡುಗ ಇರುವುದಿಲ್ಲವಾದ್ದರಿಂದ, ನಿದ್ದೆ ಗಾಢವಾದರೆ ಕಣ್ಣು ಬಿಡುವುದು ಹರಿಹರದಲ್ಲಿ. 139ಕ್ಕೆ ಕರೆ ಮಾಡಿ ನಿಲ್ದಾಣಕ್ಕೆ ಮೊದಲು ಎಚ್ಚರಿಸುವ ಕರೆ ಬರುವಂತೆ ಮಾಡಿಕೊಳ್ಳಬಹುದು. ನನ್ನ ಹೆಂಡತಿಗೆ ಅದರ ಅಗತ್ಯವಿಲ್ಲ, ಅರಸೀಕೆರೆಯಿಂದಲೇ ಎದ್ದು ಕೂತಿರುತ್ತಾಳೆ.

ವಂದೇ ಭಾರತ್ ಒಳ್ಳೆಯ ರೈಲು. ಧಾರವಾಡದಿಂದ ಬರುವುದು 2023ರ ಜೂನ್‌ನಿಂದ ಓಡುತ್ತಿದೆ. ಶುಕ್ರವಾರ ಮಧ್ಯಾಹ್ನ ಇಲ್ಲಿ ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಬೆಂಗಳೂರು. ಅದಕ್ಕಾಗಿ ಅರ್ಧ ದಿನ ರಜೆ ಹಾಕಬೇಕು, ಲಾಡ್ಜಿಗೆ ಒಂದು ರಾತ್ರಿ ಹೆಚ್ಚು ಕೊಡಬೇಕು, ಟಿಕೆಟ್ಟಿಗೆ ಸ್ಲೀಪರ್ ದರದ ಹಲವು ಪಟ್ಟು ತೆರಬೇಕು. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಳಗಾವಿಯ ವಂದೇ ಭಾರತ್ ಭಾನುವಾರ ಮಧ್ಯಾಹ್ನವೇ ಬೆಂಗಳೂರು ಬಿಡುವುದರಿಂದ, ಅದರಲ್ಲಿ ಮರಳಿದರೆ ಆ ಸಂಜೆಯ ದೀಪಾಲಂಕಾರದ ವಿಧಾನಸೌಧ ತಪ್ಪಿಹೋಗುತ್ತದೆ. ನಿವೃತ್ತರಿಗೆ ಇದು ಹೇಳಿಮಾಡಿಸಿದ್ದು.

ವೇಗದೂತದಲ್ಲಿ ಶಕ್ತಿ ಯೋಜನೆಯಿಂದಾಗಿ ಮನೆಯ ಹೆಂಗಸರಿಗೆ ಖರ್ಚೇ ಇಲ್ಲ, ಆದರೆ ಕುಳಿತೇ ರಾತ್ರಿ ಕಳೆಯಬೇಕು. ಕಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಹೋಗುವಾಗ ಹಾಯಾಗಿತ್ತು, ಭಾನುವಾರ ಸಂಜೆ ಪೀಣ್ಯದಿಂದ ನೆಲಮಂಗಲ ದಾಟುವಷ್ಟರಲ್ಲಿ ಭಾವನವರು ಮಾತು ನಿಲ್ಲಿಸಿದ್ದರು.

ರೈಲಿನಲ್ಲಿ ಹೋದ ವಾರಾಂತ್ಯದಲ್ಲಿ ನೋಡಿದ್ದನ್ನೂ ಹೇಳಬೇಕು, ಏಕೆಂದರೆ ಇಳಿದ ಹೊತ್ತಿನ ಲಾಭ ಕಂಡದ್ದು ಅಲ್ಲಿಯೇ. ಏಳೂಕಾಲಿಗೆ ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡ ಗೋಪುರದ ಪಕ್ಕದಲ್ಲಿದ್ದೆವು. ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಕಲ್ಲು ರಾತ್ರಿಯ ಚಳಿಯನ್ನು ಇನ್ನೂ ಹಿಡಿದಿಟ್ಟುಕೊಂಡಿತ್ತು, ಮಗಳು ಅಂಗೈ ಇಟ್ಟು ತಟ್ಟನೆ ತೆಗೆದಳು. 1889ರ ಗಾಜಿನ ಮನೆಯನ್ನು ನೋಡಿ “ನಮ್ಮೂರಲ್ಲೂ ಇದೆಯಲ್ಲ” ಎಂದು ಅವಳು ಉದಾಸೀನ ತೋರಿದ್ದಕ್ಕೆ ದಾವಣಗೆರೆಯವನಾಗಿ ಒಳಗೊಳಗೇ ಖುಷಿಯಾಯಿತು. ತಿಂಡಿಗೆ ಹತ್ತಿರದ ಎಂಟಿಆರ್‌ನಲ್ಲಿ ರವೆ ಇಡ್ಲಿ ತಿಂದೆವು. ಬೆಣ್ಣೆ ದೋಸೆಯನ್ನು ಬೆಂಗಳೂರಿನಲ್ಲಿ ತಿನ್ನುವ ಅಗತ್ಯ ನಮಗಿಲ್ಲ. ವಿಧಾನಸೌಧದ ಒಳಗೆ ಕರೆದೊಯ್ದು ತೋರಿಸುವ ವ್ಯವಸ್ಥೆ 2025ರ ಜೂನ್‌ನಿಂದ ಭಾನುವಾರಗಳಲ್ಲಿಯೂ ಎರಡನೆಯ, ನಾಲ್ಕನೆಯ ಶನಿವಾರಗಳಲ್ಲಿಯೂ ಇದೆ, ಆನ್‌ಲೈನಿನಲ್ಲಿ ಮೊದಲೇ ನೋಂದಾಯಿಸಬೇಕು. ನಮ್ಮ ರಜೆಗೂ ಅದಕ್ಕೂ ತಾಳೆಯಾಗುವುದು ಸರ್ಕಾರಿ ನೌಕರರಿಗೆ ಸಿಕ್ಕ ಅಪರೂಪದ ಅನುಕೂಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳಿದ್ದರೆ ಅರ್ಧ ದಿನ ಎತ್ತಿಡಿ. ಕಬ್ಬನ್ ಪಾರ್ಕಿಗೆ ಭಾನುವಾರ ಹೋಗಿ, ಅಂದು ಒಳಗೆ ವಾಹನಗಳನ್ನು ಬಿಡುವುದಿಲ್ಲ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋಗುವವರು ಜನಜಂಗುಳಿಗೆ ಸಿದ್ಧರಾಗಿರಬೇಕು; ನನಗಾದರೋ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯೇ ಹೆಚ್ಚು ಇಷ್ಟ.

ಒಬ್ಬನೇ ಹೋಗುವ ಹುಡುಗನಿಗೆ, ಬೆಂಗಳೂರಿನಲ್ಲಿ ಬಾಗಿಲು ತೆರೆಯುವ ಗೆಳೆಯನ ಕೋಣೆ ಇದ್ದರೆ, ಸ್ಲೀಪರ್ ಬಸ್ಸು ಸಾಕು. ಸಂಸಾರ ಕಟ್ಟಿಕೊಂಡು ಲಾಡ್ಜಿನಲ್ಲಿ ಇಳಿಯುವವರಿಗೆ ಅದನ್ನು ನಾನು ಹೇಳಲಾರೆ. ಚಿತ್ರದುರ್ಗದಲ್ಲಿರುವ ನನ್ನ ತಮ್ಮನಿಗೆ ಮಾತ್ರ ಈ ಆಯ್ಕೆ ಅಷ್ಟು ಸಲೀಸಲ್ಲ. ಅವನ ಊರಿರುವುದು ಚಿಕ್ಕಜಾಜೂರಿನಿಂದ ಬಳ್ಳಾರಿಯ ಕಡೆಗೆ ಕವಲೊಡೆಯುವ ಮಾರ್ಗದಲ್ಲಿ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹಾಕುತ್ತಿರುವ ನೇರ ಮಾರ್ಗದ ಕೆಲಸ ಮುಗಿಯುವ ತನಕ ಅವನು ಬೆಳಗಿನ ಬಸ್ಸಿಗೇ ಬರುತ್ತಾನೆ. ಹಾಗೆ ಬಂದರೆ ಹನ್ನೊಂದರ ಹೊತ್ತಿಗೆ ನಮ್ಮನ್ನು ಸೇರಿಕೊಳ್ಳುವುದರಿಂದ, ಕೋಣೆ ಹಿಡಿಯುವ ಕೆಲಸವನ್ನು ಈಗ ಅವನಿಗೇ ಬಿಟ್ಟಿದ್ದೇವೆ.