ಲೀಗ್‌ನಿಂದ ಎನ್‌ಎಫ್‌ಎಲ್‌ಗೆ: ಹೇನ್ ದಾರಿಯೋ, ಮೈಲಾಟಾ ದಾರಿಯೋ?

ರಗ್ಬಿ ಲೀಗ್ (ತಂಡಕ್ಕೆ 13 ಜನರ ರಗ್ಬಿ ಆಟ) ಬಿಟ್ಟು ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೊರಟವನು ಮೊದಲು ಪಾತ್ರ ಆರಿಸಬೇಕು: ಚೆಂಡು ಹಿಡಿದು ಓಡುವುದೋ, ಎಸೆಯುವವನಿಗೆ ಕಾವಲಾಗುವುದೋ.

ಓಡುವ ಪಾತ್ರ ಪರಿಚಿತ ಎನಿಸುತ್ತದೆ. ನನ್ನ ಪ್ರಕಾರ ಅಪಾಯ ಅಲ್ಲೇ ಇದೆ. ಎದುರಾಳಿಗಳು ಶಾಲಾ ದಿನಗಳಿಂದ ಅದನ್ನೇ ಮಾಡಿದವರು. ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕವನ್ನು ಎರಡು ಬಾರಿ ಗೆದ್ದ ಜಾರಿಡ್ ಹೇನ್ 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಸೇರಿದರು. ಮೊದಲ ಪಂದ್ಯದಲ್ಲೇ ಎದುರಾಳಿ ಎತ್ತರಕ್ಕೆ ಒದ್ದ ಚೆಂಡು (ಪಂಟ್) ಅವರ ಕೈಜಾರಿತು. ಆಡಿದ್ದು ಒಟ್ಟು ಎಂಟೇ ಪಂದ್ಯ. ಆದರೂ ಆ ಧೈರ್ಯಕ್ಕೆ ನನ್ನ ಗೌರವವಿದೆ.

ಕಾವಲಿನ ಪಾತ್ರದಲ್ಲಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕು: ಕಾಲಿಡುವ ಬಗೆ, ಕೈ ಚಾಚುವ ಕ್ಷಣ. ರಗ್ಬಿ ಲೀಗ್‌ನಿಂದಲೇ ಬಂದ 6 ಅಡಿ 8 ಅಂಗುಲದ ಜೋರ್ಡನ್ ಮೈಲಾಟಾ 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) 233ನೆಯವರಾಗಿ ಫಿಲಡೆಲ್ಫಿಯಾಕ್ಕೆ ಆಯ್ಕೆಯಾದರು. ಎರಡು ಋತು ಒಂದೂ ಪಂದ್ಯ ಆಡಲಿಲ್ಲ. 2021ರಲ್ಲಿ ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರ್ ಒಪ್ಪಂದ, 2025ರಲ್ಲಿ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಗೆಲುವು.

ಸೇರುವಾಗಿನ ವಯಸ್ಸು? ಹೇನ್‌ಗೆ 27, ಮೈಲಾಟಾಗೆ 21. ದೈತ್ಯ ದೇಹ, ಎಳೆಯ ವಯಸ್ಸು, ಕಾಯುವ ತಾಳ್ಮೆ ಇದ್ದರೆ ಕಾವಲಿನ ದಾರಿ. ಹೆಸರು ಮಾಡಿದ ವೇಗದ ಆಟಗಾರನಾದರೆ ಓಟವನ್ನು ಪ್ರಯತ್ನಿಸಬಹುದು. ಮರಳುವ ಬಾಗಿಲು ಅವನಿಗೆ ತೆರೆದಿರುತ್ತದೆ. 2019ರಲ್ಲಿ ಎನ್‌ಎಫ್‌ಎಲ್‌ನ ನ್ಯೂಯಾರ್ಕ್ ಜೆಟ್ಸ್‌ನ ಅಭ್ಯಾಸ ತಂಡದಲ್ಲಿದ್ದ ವ್ಯಾಲೆಂಟೈನ್ ಹೋಮ್ಸ್ ಮರುವರ್ಷವೇ ರಗ್ಬಿ ಲೀಗ್‌ಗೆ ಹಿಂದಿರುಗಿದರು.