ಸಿಟ್ಟೇ ಇಲ್ಲದ ಅರಬಿಯಾಟಾ, ಅರ್ಧ ಬೆಂದ ಪಿಜ್ಜಾ

ಹೋಟೆಲ್ ಹೆಸರು ಬರೆಯುವುದಿಲ್ಲ, ಯಾರೂ ಕೇಳಬೇಡಿ. ಒಬ್ಬರ ಹೊಟ್ಟೆ ಮೇಲೆ ಹೊಡೆಯೋ ಉದ್ದೇಶ ನನಗಿಲ್ಲ. ಆದರೆ 1,600 ರೂಪಾಯಿ ಕೊಟ್ಟು ಬಂದ ಮೇಲೆ ನಾಲ್ಕು ಮಾತು ಹೇಳಬೇಕು ಅನ್ನಿಸುತ್ತದೆ, ಅಲ್ವಾ?

ಮಗಳ ಹತ್ತನೇ ಕ್ಲಾಸ್ ಪರೀಕ್ಷೆ ಮುಗಿದಿತ್ತು. ಬೆಣ್ಣೆ ದೋಸೆ ಬೇಡ, ಗೋಬಿ ಬೇಡ, ದಾವಣಗೆರೆಯಲ್ಲೇ ಇಟಾಲಿಯನ್ ಊಟ ಸಿಗುವಾಗ ಅದೇ ಬೇಕು ಅಂತ ಒಂದೇ ಹಟ. ಸರಿ ಅಂತ ಶನಿವಾರ ರಾತ್ರಿ ನಾನು, ನಮ್ಮ ಮನೆಯವರು, ಮಗಳು ಮೂವರೂ ಹೊರಟೆವು. ಅತ್ತೆ ‘ಅಲ್ಲಿ ನನಗೇನು ಸಿಗ್ತದೆ, ನೀವು ಹೋಗಿ ಬರ್ರಿ’ ಅಂದರು. ಮೊಮ್ಮಗಳು ಬಿಡಬೇಕಲ್ಲ, ಕೈ ಹಿಡಿದು ಎಳೆದುಕೊಂಡೇ ಬಂದಳು.

ಒಳಗೆ ಚೆನ್ನಾಗಿಯೇ ಇದೆ. ತಂಪಾಗಿದೆ, ಟೇಬಲ್ ಚೊಕ್ಕ, ಕೈ ತೊಳೆಯುವ ಜಾಗವೂ ಚೊಕ್ಕ. ಗೋಡೆ ಮೇಲೆ ವಾಲಿದ ಗೋಪುರ, ನೀರ ಮೇಲಿನ ದೋಣಿ, ಎಲ್ಲ ಇದೆ. ನೀರು ಕೇಳಿದರೆ ಮಾತ್ರ ಎರಡು ಬಾಟಲಿ ತಂದು, ನಾವು ಹೂಂ ಅನ್ನುವ ಮೊದಲೇ ಮುಚ್ಚಳ ತಿರುವಿ ಇಟ್ಟರು. ಅಲ್ಲಿಗೇ ನನಗೆ ಸ್ವಲ್ಪ ಅನುಮಾನ ಬಂತು.

ಮೆನುವಿನಲ್ಲಿ ಎಲ್ಲದಕ್ಕೂ ‘ಇಟಲಿಯ ಅಸಲಿ ಪಾರ್ಮೆಸಾನ್’ ಅಂತ ಬರೆದಿತ್ತು, ಪಕ್ಕದಲ್ಲೇ ಹಸಿರು ಚುಕ್ಕೆ. ಇಲ್ಲೊಂದು ವಿಷಯ ಇದೆ, ನಮ್ಮೂರಿನ ಸಸ್ಯಾಹಾರಿಗಳಿಗೆ ಗೊತ್ತಿರಲಿ. ಇಟಲಿಯಲ್ಲಿ ಆ ಚೀಸ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅದು ಅವರ ಹಳೇ ಪದ್ಧತಿ, ತಪ್ಪೇನಲ್ಲ. ಆದರೆ ನಮ್ಮ ಅತ್ತೆ ಲಿಂಗಪೂಜೆ ಮಾಡದೆ ತುತ್ತು ಎತ್ತುವವರಲ್ಲ, ಹಾಗಾಗಿ ನಾನು ಕೇಳಲೇಬೇಕಿತ್ತು. ಕೇಳಿದೆ. ‘ಪ್ಯೂರ್ ವೆಜ್ ಮೇಡಂ, ಹಸಿರು ಚುಕ್ಕೆ ಇದೆಯಲ್ಲ’ ಅಂದ ಹುಡುಗ. ಪ್ಯಾಕೆಟ್ ತೋರಿಸಪ್ಪಾ ಅಂದೆ. ಒಳಗೆ ಹೋದವನು ಹತ್ತು ನಿಮಿಷ ಬಿಟ್ಟು ಬಂದು, ಪಾಪ, ಮೆಲ್ಲಗೆ ಹೇಳಿದ: ‘ಅದು ಖಾಲಿ ಆಗಿದೆ ಅಕ್ಕಾ, ನಾವು ಮಾಮೂಲಿ ಚೀಸೇ ಹಾಕೋದು.’ ಅತ್ತೆ ನಿರಾಳ ಆದರು. ನನಗೆ ಮಾತ್ರ, ಹಾಗಾದರೆ ಮೆನುವಿನಲ್ಲಿ ಬರೆದದ್ದು ಏನು ಅಂತ ತಲೆ ಕೆಟ್ಟಿತು.

ಗಾರ್ಲಿಕ್ ಬ್ರೆಡ್ ಮೊದಲು ಬಂತು. ಬಿಸಿ ಇತ್ತು, ಗರಿಗರಿ ಇತ್ತು, ಬೆಣ್ಣೆಗೆ ಜಿಪುಣತನ ಮಾಡಿರಲಿಲ್ಲ. 180 ರೂಪಾಯಿ. ಇಡೀ ರಾತ್ರಿಯಲ್ಲಿ ತಟ್ಟೆ ಖಾಲಿಯಾದದ್ದು ಇದೊಂದೇ.

ಆಮೇಲೆ ಪೆನ್ನೆ ಅರಬಿಯಾಟಾ ಅನ್ನೋ ಪಾಸ್ತಾ. ಇಟಾಲಿಯನ್ ಭಾಷೆಯಲ್ಲಿ ಆ ಹೆಸರಿಗೆ ಸಿಟ್ಟಾದದ್ದು ಅಂತ ಅರ್ಥ. ಟೊಮೆಟೊ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ, ಆಲಿವ್ ಎಣ್ಣೆ, ಇಷ್ಟೇ ಅದರ ಜೀವ, ಖಾರಕ್ಕೇ ಆ ಹೆಸರು. ನಮ್ಮ ತಟ್ಟೆಯಲ್ಲಿ ಬಂದದ್ದಕ್ಕೆ ಸಿಟ್ಟು ಹೋಗಲಿ, ಮುನಿಸೂ ಇರಲಿಲ್ಲ. ಕೆಚಪ್ ಸುರಿದ ಹಾಗೆ ಸಿಹಿ. ಮಂಡಕ್ಕಿ ಜೊತೆ ಮಿರ್ಚಿ ಕಚ್ಚಿಕೊಂಡು ತಿನ್ನುವ ಊರಲ್ಲಿ ಖಾರದ ಅಡುಗೆಯನ್ನು ಸಿಹಿ ಮಾಡಿ ಕೊಡುವುದಕ್ಕೆ ನಿಜಕ್ಕೂ ಧೈರ್ಯ ಬೇಕು.

ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಪಾಸ್ತಾ ಬೇಯಿಸಿದ ರೀತಿಗೆ. ಪಾಸ್ತಾ ಹಲ್ಲಿಗೆ ಸ್ವಲ್ಪ ಸಿಗಬೇಕು, ಅದನ್ನೇ ಅವರು ಅಲ್ ದೆಂತೆ ಅನ್ನುತ್ತಾರೆ. ಇದು ಮುಟ್ಟಿದರೆ ಒಡೆಯುತ್ತಿತ್ತು. ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು, ‘ಏನವ್ವಾ, ಇದು ಶಾವಿಗೆ ಬಸಿಯೋದು ಮರೆತು ಒಲೆ ಮ್ಯಾಲೇ ಬಿಟ್ಟಂಗಾಗೇತಲ್ಲ’ ಅಂದರು. ಅವರಿಗೆ ಪಾಸ್ತಾ ಹೊಸದು, ಆದರೆ ಗೋಧಿ ಶಾವಿಗೆ ಯಾವಾಗ ಇಳಿಸಬೇಕು, ಯಾವಾಗ ಬಸಿಯಬೇಕು ಅನ್ನೋದು ಐವತ್ತು ವರ್ಷದಿಂದ ಗೊತ್ತು. ವಿಚಾರ ಎರಡೂ ಕಡೆ ಒಂದೇ ತಾನೆ.

ರಿಸೊಟ್ಟೊ ಕಥೆ ಇನ್ನೂ ಚೆನ್ನಾಗಿದೆ. ಅಣಬೆ ರಿಸೊಟ್ಟೊ, 360 ರೂಪಾಯಿ. ಅದಕ್ಕೆ ಆರ್ಬೋರಿಯೋದಂಥ ಗುಂಡು ಅಕ್ಕಿ ಬೇಕು. ಬಿಸಿ ಸಾರನ್ನು ಸೌಟು ಸೌಟಾಗಿ ಹಾಕುತ್ತಾ ಸುಮಾರು ಇಪ್ಪತ್ತು ನಿಮಿಷ ಕೈಯಾಡಿಸಿದರೆ ಅಕ್ಕಿ ತನ್ನ ಗಂಜಿಯನ್ನು ತಾನೇ ಬಿಟ್ಟು ಕೆನೆ ಕೆನೆಯಾಗುತ್ತದೆ, ಕೆನೆಯನ್ನು ಬೇರೆ ಹಾಕಬೇಕಾಗಿಯೇ ಇಲ್ಲ. ನಮಗೆ ಬಂದದ್ದು ಬಾಸ್ಮತಿ. ಉದ್ದುದ್ದ, ಬಿಡಿಬಿಡಿ, ಮೇಲೆ ಮೈದಾ ಹಾಕಿದ ಬಿಳಿ ಸಾಸ್. ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯುವ ಜನ ಸ್ವಾಮಿ ನಾವು, ನಮ್ಮ ಮುಂದೆ ಅಕ್ಕಿ ಬದಲಾಯಿಸಿದರೆ ಗೊತ್ತಾಗುವುದಿಲ್ಲವಾ? ಆರ್ಬೋರಿಯೋ ದುಬಾರಿ, ಒಪ್ಪುತ್ತೇನೆ. ಹಾಗಿದ್ದರೆ ಮೆನುವಿನಿಂದ ತೆಗೆದುಬಿಡಿ. ಅಥವಾ ಅಣಬೆ ಪಲಾವ್ ಅಂತ ಬರೆದು 160ಕ್ಕೆ ಕೊಡಿ, ಖುಷಿಯಾಗಿ ತಿನ್ನುತ್ತೇವೆ.

ಪಿಜ್ಜಾ ಮಾರ್ಗರಿಟಾ. ಇಟಲಿಯ ನೇಪಲ್ಸ್‌ನಲ್ಲಿ ಸೌದೆ ಒಲೆ 400 ಡಿಗ್ರಿ ದಾಟಿ ಕಾದಿರುತ್ತದೆ, ಒಂದೂವರೆ ನಿಮಿಷದೊಳಗೆ ಪಿಜ್ಜಾ ಬೆಂದು ಹೊರಗೆ ಬರುತ್ತದೆ. ಅಂಥ ಒಲೆ ಇಲ್ಲಿ ಇರಬೇಕು ಅಂತ ನಾನು ಹೇಳುತ್ತಿಲ್ಲ. ಇರುವ ಓವನ್ ಅನ್ನಾದರೂ ಸರಿಯಾಗಿ ಕಾಯಿಸಬೇಕಲ್ಲ. ತಳ ಬೆಳ್ಳಗೆ, ನಡುವೆ ಹಸಿ ಹಸಿ, ಎತ್ತಿದರೆ ತುದಿ ಜೋತು ಬಿದ್ದು ಚೀಸ್ ಎಲ್ಲ ತಟ್ಟೆಗೇ ಜಾರಿತು. ಮೇಲೆ ಬೇಸಿಲ್ ಎಲೆ ಬದಲು ಕೊತ್ತಂಬರಿ ಸೊಪ್ಪು! ನಮ್ಮ ಕಾಮಕಸ್ತೂರಿಯೂ ಬೇಸಿಲ್ಲೇ. ಎರಡು ಕುಂಡ ಇಟ್ಟುಕೊಂಡರೆ ವರ್ಷಪೂರ್ತಿ ಸಾಕು.

ತಿರಮಿಸು, ಅಂದರೆ ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಇಟಾಲಿಯನ್ ಸಿಹಿ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಫಿ ಇಲ್ಲದ ತಿರಮಿಸು. ಮುಗಿಯಿತು.

ಇಷ್ಟಾದರೂ ನಾನು ಸುಮ್ನೆ ಎದ್ದು ಬರುತ್ತಿದ್ದೆನೇನೋ. ಮಾಲೀಕರೇ ಬಂದು ‘ಊಟ ಹೇಗಿತ್ತು ಮೇಡಂ’ ಅಂತ ಕೇಳಿದರು. ಪಾಸ್ತಾ ಬೆಂದು ಹೋಗಿದೆ, ಪಿಜ್ಜಾ ಬೆಂದಿಲ್ಲ ಅಂತ ಇದ್ದದ್ದನ್ನು ಹೇಳಿದೆ. ಅವರು ನಕ್ಕು, ‘ನಮ್ಮೂರಿನ ಜನಕ್ಕೆ ಹೀಗೇ ಇಷ್ಟ ಮೇಡಂ, ಅಸಲಿ ಇಟಾಲಿಯನ್ ಕೊಟ್ಟರೆ ಯಾರೂ ತಿನ್ನಲ್ಲ’ ಅಂದರು.

ಈ ಮಾತು ನನಗೆ ಇನ್ನೂ ಹೊಟ್ಟೆಯಲ್ಲಿ ಕೂತಿದೆ. ನಮ್ಮೂರಿನ ಜನ ಅಂದರೆ ಯಾರು? ದೋಸೆ ಅಂಚು ಗರಿ ಇಲ್ಲದಿದ್ದರೆ ತಟ್ಟೆ ವಾಪಸ್ ಕಳಿಸುವವರು, ಬೆಣ್ಣೆ ಹಳತಾಗಿದ್ದರೆ ಮೂಗಿಗೆ ಬರುತ್ತಿದ್ದಂತೆ ಹೇಳುವವರು, ಖಾಲಿ ದೋಸೆ ಜೊತೆಗಿನ ಆಲೂಗಡ್ಡೆ ಪಲ್ಯದಲ್ಲಿ ಉಪ್ಪು ಒಂದು ಚಿಟಿಕೆ ಏರುಪೇರಾದರೆ ಹತ್ತು ದಿನ ಆ ಹೋಟೆಲ್ ಕಡೆ ತಲೆ ಹಾಕದವರು. ಈ ಜನಕ್ಕೆ ರುಚಿ ಗೊತ್ತಿಲ್ಲ ಅಂತ ಹೇಳಿ ಅಡುಗೆಮನೆ ತಪ್ಪನ್ನು ನಮ್ಮ ನಾಲಿಗೆ ಮೇಲೆ ಹಾಕಿದರೆ ಹೇಗೆ? ಖಾರ ಬೇಕು ಅಂತ ಬದಲಾಯಿಸಿದ್ದರೆ ಒಪ್ಪಬಹುದಿತ್ತು. ಇವರು ಬದಲಾಯಿಸಿದ್ದಲ್ಲ, ಬೇಯಿಸುವುದನ್ನೇ ಬಿಟ್ಟಿದ್ದು.

ಬಿಲ್ ಬಂತು. 1,540 ರೂಪಾಯಿ ಊಟ, ಅದರ ಮೇಲೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್ 154, ಅದೂ ಸೇರಿಸಿ ಜಿಎಸ್‌ಟಿ. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ. ಬಿಲ್‌ನಲ್ಲಿ ತಾನಾಗಿಯೇ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನಮ್ಮ ಮನೆಯವರು ‘ಹೋಗಲಿ ಬಿಡೇ’ ಅಂತ ಕಣ್ಣಲ್ಲೇ ಹೇಳುತ್ತಿದ್ದರು. ನಾನು ಬಿಡಲಿಲ್ಲ. ಜಗಳ ಇಲ್ಲದೆ ತೆಗೆದರು, ಅದನ್ನೂ ಹೇಳಬೇಕು. ಕೊನೆಗೆ 1,617 ಕೊಟ್ಟೆವು. ಬಡಿಸಿದ ಹುಡುಗನ ಕೈಗೆ ಐವತ್ತು ರೂಪಾಯಿ ಬೇರೆ ಕೊಟ್ಟೆ, ನಿಜ ಹೇಳಿದ್ದಕ್ಕೆ.

ಉಳಿದ ನಾಲ್ಕು ತುಂಡು ಪಿಜ್ಜಾವನ್ನು ಅತ್ತೆ ಕಟ್ಟಿಸಿಕೊಂಡು ಬಂದಿದ್ದರು. ಬೆಳಗ್ಗೆ ಏಳುವಷ್ಟರಲ್ಲಿ ದೋಸೆ ಹಂಚು ಕಾಯಿಸಿ, ಚೂರು ಬೆಣ್ಣೆ ಸವರಿ, ಪಿಜ್ಜಾ ಇಟ್ಟು ಮೇಲೊಂದು ತಟ್ಟೆ ಮುಚ್ಚಿದ್ದರು. ತಳ ಕೆಂಪಗೆ, ಗರಿಗರಿ ಆಗಿತ್ತು. ಮಗಳು ಮೂರು ತುಂಡು ತಿಂದು, ನಾಲ್ಕನೆಯದು ಯಾರಿಗೆ ಅಂತ ನನ್ನ ಮುಖ ನೋಡುತ್ತಿದ್ದಳು.